ಎಂಜಿನ್ ಚಿಕ್ಕದಾಗುತ್ತದೆ, ಉಗಿ ಚಿಕ್ಕದಾಗುವುದಿಲ್ಲ

ನನ್ನ ಮೇಜಿನ ಮೇಲೆ ಒಂದು ತಾಮ್ರದ ಬಿಲ್ಲೆ ಇದೆ. ಅಗಲ 5 ಸೆಂ.ಮೀ., ದಪ್ಪ 3 ಮಿ.ಮೀ. ಕಾಫಿ ಲೋಟದ ತಳದಷ್ಟು ಅಂದುಕೊಳ್ಳಿ. ಹಿತ್ತಲಲ್ಲಿ ಓಡಿಸಲು ನಾನು ಕಟ್ಟಿದ ಪುಟ್ಟ ಉಗಿ ಎಂಜಿನ್ನಿನ ಬಾಯ್ಲರ್‌ಗೆ ಇದು ಮುಚ್ಚಳವಾಗಬೇಕಿತ್ತು. ತೂತು ಸ್ವಲ್ಪ ಪಕ್ಕಕ್ಕೆ ಬಿದ್ದಿದ್ದರಿಂದ ಇನ್ನೊಂದು ಮಾಡಿಕೊಂಡೆ, ಇದು ಉಳಿಯಿತು. ಬಾಯ್ಲರ್ ಒಳಗೆ 3 ಬಾರ್ ಒತ್ತಡ ಬಂತು ಅಂದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 3 ಕೆ.ಜಿ. ಬಿತ್ತು ಅಂತ. ಈ ಬಿಲ್ಲೆಯ ವಿಸ್ತೀರ್ಣ 19.6 ಚದರ ಸೆಂ.ಮೀ. ಮೂರರಿಂದ ಗುಣಿಸಿ. ಸುಮಾರು 59 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಇದರ ಮೇಲೆ ನಿಂತ ಹಾಗೆ.

"ಆಟಿಕೆ ರೈಲು ಮಾಡ್ತಿದೀರಂತೆ, ಹೌದಾ?" ಅಂತ ದಾವಣಗೆರೆಯಲ್ಲಿ ಪರಿಚಯದವರು ಕೇಳುತ್ತಾರೆ. ನಾನು ಈ ಬಿಲ್ಲೆಯನ್ನು ಅವರ ಕೈಗೆ ಕೊಟ್ಟು ಲೆಕ್ಕ ಹೇಳುತ್ತೇನೆ. ಒಳಗಿರುವುದು ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಉಗಿ. ಎಂಜಿನ್ನಿನ ಉದ್ದ, ಅಗಲ, ಎತ್ತರವನ್ನು ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದು. ಉಗಿಯನ್ನು ಹಾಗೆ ಇಳಿಸಲು ಬರುವುದಿಲ್ಲ. ಒಂದೊಂದು ಭಾಗವನ್ನೂ ಕೈಯಾರೆ ಮಾಡಿ ಎಂಜಿನ್ ಕಟ್ಟುವಾಗ ಬರುವ ಕಷ್ಟಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಅವುಗಳಿಗೆ ದಾರಿ ಸಿಗುವುದೂ ಇದನ್ನು ಅರ್ಥ ಮಾಡಿಕೊಂಡಾಗಲೇ.

ಯಾವ ಹಳಿ, ಯಾವ ಅಳತೆ

ನಮ್ಮೂರಿನವರಿಗೆ ಗೇಜ್ ಅನ್ನುವ ಪದ ಹೊಸದಲ್ಲ. 1990ರ ದಶಕದಲ್ಲಿ ಬದಲಾಗುವವರೆಗೂ ದಾವಣಗೆರೆಯ ಮೂಲಕ ಹೋಗುತ್ತಿದ್ದುದು ಮೀಟರ್ ಗೇಜ್ ಹಳಿ. ಎರಡು ಕಂಬಿಗಳ ನಡುವೆ 1000 ಮಿ.ಮೀ. ಈಗಿನ ಬ್ರಾಡ್‌ಗೇಜ್‌ನಲ್ಲಿ ಅದು 1676 ಮಿ.ಮೀ. ಚಿಕ್ಕವನಿದ್ದಾಗ ಅಶೋಕ ಟಾಕೀಸ್ ಹತ್ತಿರ ಗೇಟ್ ಹಾಕಿದರೆ ನನಗೆ ಖುಷಿ. ಸೈಕಲ್ ನಿಲ್ಲಿಸಿ ಕರಿ ಎಂಜಿನ್ ಹಾದುಹೋಗುವುದನ್ನು ನೋಡುತ್ತಿದ್ದೆ. ಬಿಸಿ ಎಣ್ಣೆ ಮತ್ತು ಕಲ್ಲಿದ್ದಲ ಹೊಗೆ ಬೆರೆತ ಆ ವಾಸನೆ ಈಗಲೂ ನೆನಪಿದೆ.

ಪಶ್ಚಿಮದ ದೇಶಗಳಲ್ಲಿ 1435 ಮಿ.ಮೀ.ಗಿಂತ ಕಿರಿದಾದ ಹಳಿಯನ್ನೆಲ್ಲ ನ್ಯಾರೋ ಗೇಜ್ ಅನ್ನುತ್ತಾರೆ. ನಾವು ಮೀಟರ್ ಗೇಜನ್ನು ಬೇರೆ ಇಟ್ಟು, ಅದಕ್ಕಿಂತ ಕಿರಿದಾದ 762 ಮತ್ತು 610 ಮಿ.ಮೀ. ಹಳಿಗಳಿಗೆ ಮಾತ್ರ ಆ ಹೆಸರು ಕೊಟ್ಟಿದ್ದೇವೆ. ಕಾಲ್ಕಾ–ಶಿಮ್ಲಾ ರೈಲಿನದು 762. ಡಾರ್ಜಿಲಿಂಗ್ ಮತ್ತು ಮಾಥೇರಾನ್ ರೈಲುಗಳದು 610, ಅಂದರೆ 2 ಅಡಿ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಪುಟ್ಟ ರೈಲಿನದೂ 2 ಅಡಿಯ ಹಳಿಯೇ.

ಹಿತ್ತಲ ರೈಲಿನಲ್ಲಿ ಮುಖ್ಯವಾಗಿ ಎರಡು ಹಳಿಗಳಿವೆ: 45 ಮಿ.ಮೀ. ಮತ್ತು 32 ಮಿ.ಮೀ. ಮೀಟರ್ ಗೇಜ್ ರೈಲನ್ನು 45 ಮಿ.ಮೀ. ಹಳಿಗೆ ಇಳಿಸಿದರೆ ಅಳತೆ ಸುಮಾರು 22.5ರಲ್ಲಿ ಒಂದು ಪಾಲು. 2 ಅಡಿಯ ರೈಲನ್ನು 32 ಮಿ.ಮೀ. ಹಳಿಗೆ ಇಳಿಸಿದರೆ 19ರಲ್ಲಿ ಒಂದು ಪಾಲು. ಈ ಎರಡನೆಯದರಲ್ಲಿ ನಿಜವಾದ 1 ಅಡಿಗೆ ಮಾದರಿಯಲ್ಲಿ 16 ಮಿ.ಮೀ. ಬರುತ್ತದೆ. ಅಡಿಯನ್ನೂ ಮಿಲಿಮೀಟರನ್ನೂ ಬೆರೆಸಿದ ಈ ಲೆಕ್ಕ ಬ್ರಿಟನ್ನಿನ ಹವ್ಯಾಸಿಗಳದ್ದು. ಕೆಲಸಕ್ಕೆ ತುಂಬ ಅನುಕೂಲ. ಹಳೆಯ ನಕ್ಷೆಗಳೆಲ್ಲ ಅಡಿ-ಇಂಚಿನಲ್ಲಿ ಇರುತ್ತವೆ, ನಮ್ಮ ವರ್ನಿಯರ್ ಇರುವುದು ಮಿಲಿಮೀಟರ್‌ನಲ್ಲಿ.

ನ್ಯಾರೋ ಗೇಜನ್ನೇ ಯಾಕೆ ಆರಿಸಿಕೊಳ್ಳಬೇಕು? 1435 ಮಿ.ಮೀ. ಹಳಿಯ ರೈಲನ್ನು ಇದೇ 32 ಮಿ.ಮೀ. ಹಳಿಗೆ ಇಳಿಸಿ ನೋಡಿ. ಆಗ ಎಲ್ಲವೂ 45ರಲ್ಲಿ ಒಂದು ಪಾಲು ಆಗುತ್ತದೆ. ಪಿಸ್ಟನ್ನಿನ ತಳ್ಳಾಟವನ್ನು ಚಕ್ರಕ್ಕೆ ಮುಟ್ಟಿಸುವ ಕನೆಕ್ಟಿಂಗ್ ರಾಡ್ ಬೆಂಕಿಕಡ್ಡಿಗಿಂತ ಸಣ್ಣ. ನ್ಯಾರೋ ಗೇಜ್‌ನಲ್ಲಿ ಹಳಿ ಕಿರಿದು, ಆದರೆ ಅದರ ಮೇಲಿನ ಎಂಜಿನ್ ಗುಂಡುಗುಂಡಾಗಿ ದಪ್ಪ. ಅದೇ 32 ಮಿ.ಮೀ. ಹಳಿಯ ಮೇಲೆ ಎರಡು ಪಟ್ಟಿಗಿಂತ ದೊಡ್ಡ ಭಾಗಗಳು ಸಿಗುತ್ತವೆ. ಬೆರಳಲ್ಲಿ ಹಿಡಿಯಬಹುದು, ಅರ ಹಾಕಬಹುದು. ಜೊತೆಗೆ ಇವು ಬೆಟ್ಟದ ತಿರುವುಗಳಲ್ಲಿ ಓಡಲು ಹುಟ್ಟಿದ ಎಂಜಿನ್‌ಗಳು. ಸಣ್ಣ ಹಿತ್ತಲಿನ ಬಿಗಿ ತಿರುವು ಇವಕ್ಕೆ ಹೊಸದಲ್ಲ.

ನನ್ನ ಎಂಜಿನ್ ಯಾವುದೇ ಒಂದು ನಿಜವಾದ ಎಂಜಿನ್ನಿನ ಪಡಿಯಚ್ಚಲ್ಲ. ಆದರೆ ನೋಟಕ್ಕೆ ಡಾರ್ಜಿಲಿಂಗ್‌ನ 'ಬಿ' ವರ್ಗದ ಎಂಜಿನ್ ಕಣ್ಣ ಮುಂದಿತ್ತು. 1889ರಿಂದ ಅಲ್ಲಿ ಓಡುತ್ತಿರುವ ಆ ನಾಲ್ಕು ಚಕ್ರದ ಎಂಜಿನ್ನಿನ ಚಕ್ರಗಳ ಅಗಲ 26 ಇಂಚು. ನಮ್ಮ ಅಳತೆಗೆ ಇಳಿಸಿದರೆ 34.7 ಮಿ.ಮೀ. ನಾನು 32 ಇಟ್ಟುಕೊಂಡೆ. ನಾಲ್ಕೇ ಚಕ್ರ, ನೀರು-ಇಂಧನ ಎಲ್ಲ ಎಂಜಿನ್ ಮೇಲೆಯೇ, ಅವನ್ನು ಹೊರುವ ಬೇರೆ ಬಂಡಿ (ಟೆಂಡರ್) ಹಿಂದೆ ಇಲ್ಲ. ಮೊದಲ ಸಲ ಕಟ್ಟುವವರಿಗೆ ನಾನು ಇದನ್ನೇ ಹೇಳುವುದು. ಆರು ಚಕ್ರ ಆಮೇಲೆ ನೋಡಿಕೊಳ್ಳೋಣ.

ಹಂಡೆ ಮತ್ತು ಲೋಟ

ಈಗ ಮುಖ್ಯ ವಿಷಯ. ಉದ್ದ 19 ಪಟ್ಟು ಕಡಿಮೆಯಾದಾಗ ಮೈಯ ವಿಸ್ತೀರ್ಣ 19ರ ವರ್ಗದಷ್ಟು, ಅಂದರೆ 361 ಪಟ್ಟು ಕಡಿಮೆಯಾಗುತ್ತದೆ. ಒಳಗಿನ ಜಾಗ ಮತ್ತು ತೂಕ 19ರ ಘನದಷ್ಟು, ಅಂದರೆ 6859 ಪಟ್ಟು ಕಡಿಮೆಯಾಗುತ್ತದೆ. 20 ಟನ್ ಎಂಜಿನ್ ಮಾದರಿಯಲ್ಲಿ 3 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಒಳಗಿನ ನೀರು ಅಷ್ಟೊಂದು ಕುಗ್ಗಿತು, ಆದರೆ ಬಿಸಿಯನ್ನು ಹೊರಗೆ ಬಿಡುವ ಮೈ ಅಷ್ಟು ಕುಗ್ಗಲಿಲ್ಲ. ಹಾಗಾಗಿ ಒಂದೊಂದು ಹನಿ ಉಗಿಗೂ ತಣ್ಣಗಾಗಲು 19 ಪಟ್ಟು ಜಾಸ್ತಿ ಮೈ ಸಿಕ್ಕ ಹಾಗಾಯಿತು.

ಬಚ್ಚಲಮನೆಯ ಹಂಡೆಯಲ್ಲಿ ಬೆಳಿಗ್ಗೆ ಕಾಯಿಸಿದ ನೀರು ಮಧ್ಯಾಹ್ನವೂ ಬೆಚ್ಚಗಿರುತ್ತದೆ. ಲೋಟಕ್ಕೆ ಬಗ್ಗಿಸಿದ ಕಾಫಿ ಹತ್ತು ನಿಮಿಷಕ್ಕೆ ಆರುತ್ತದೆ. ದೊಡ್ಡ ಎಂಜಿನ್ ಹಂಡೆ, ನಮ್ಮದು ಲೋಟ.

ಒತ್ತಡದ ಕಥೆ ಬೇರೆ. ಅದು ಕುಗ್ಗುವುದೇ ಇಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣ ನೋಡಿದ್ದೀರಲ್ಲ? ಕಾಳಿನೊಳಗೆ ಉಳಿದ ಒಂದಿಷ್ಟು ತೇವ ಉಗಿಯಾಗಿ ಹಿಗ್ಗಿ ಇಡೀ ಕಾಳನ್ನೇ ಅರಳಿಸುತ್ತದೆ. ನಮ್ಮ ಬಾಯ್ಲರ್‌ನಲ್ಲಿ ಆಗುವುದೂ ಅದೇ. 3 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 144 ಡಿಗ್ರಿಯಲ್ಲಿ. ಒಂದು ಚಮಚ ನೀರು ಆ ಒತ್ತಡದಲ್ಲಿ ಸುಮಾರು 460 ಚಮಚ ಉಗಿಯಾಗುತ್ತದೆ. ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 1 ಬಾರ್‌ಗೆ. ಅಂಗೈ ಮೇಲೆ ನಿಲ್ಲುವ ನಮ್ಮ ಬಾಯ್ಲರ್‌ನಲ್ಲಿ ಅದರ ಮೂರು ಪಟ್ಟು.

ಬಾಯ್ಲರ್

ಇಡೀ ಎಂಜಿನ್ನಿನಲ್ಲಿ ನಾನು ಹೆಚ್ಚು ದಿನ ಕಳೆದದ್ದು ಇದರ ಮೇಲೆ. ನೀವೂ ಇದಕ್ಕೆ ಸಮಯ ಕೊಡಿ.

ಮೈಗೆ 50 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ ಗೋಡೆಯ ತಾಮ್ರದ ಕೊಳವೆ, 150 ಮಿ.ಮೀ. ಉದ್ದ. ಅದರೊಳಗೆ ಉದ್ದಕ್ಕೂ 22 ಮಿ.ಮೀ.ನ ಇನ್ನೊಂದು ತಾಮ್ರದ ಕೊಳವೆ. ಇದರಲ್ಲಿ ಗ್ಯಾಸ್ ಉರಿಯುತ್ತದೆ. ಎರಡು ಕೊಳವೆಗಳ ನಡುವಿನ ಜಾಗದಲ್ಲಿ ನೀರು. ಎರಡು ತುದಿಗೂ 3 ಮಿ.ಮೀ. ದಪ್ಪದ ತಾಮ್ರದ ಬಿಲ್ಲೆ.

ಮೈ ತಡೆಯುತ್ತದಾ? ಲೆಕ್ಕ ಸುಲಭ. ಒತ್ತಡವನ್ನು ಅಗಲದಿಂದ ಗುಣಿಸಿ, ಗೋಡೆಯ ದಪ್ಪದ ಎರಡು ಪಟ್ಟಿನಿಂದ ಭಾಗಿಸಿ. 3 ಬಾರ್ ಅಂದರೆ ಚದರ ಮಿಲಿಮೀಟರ್‌ಗೆ 0.3 ನ್ಯೂಟನ್. 0.3 ಗುಣಿಸು 50, ಭಾಗಿಸು 3.2. ಉತ್ತರ ಚದರ ಮಿಲಿಮೀಟರ್‌ಗೆ 4.7 ನ್ಯೂಟನ್. ಕಾಯಿಸಿ ಮೆದುವಾದ ತಾಮ್ರ ಹರಿದುಹೋಗುವುದು ಸುಮಾರು 200 ನ್ಯೂಟನ್‌ಗೆ. ಎಂಟರಲ್ಲಿ ಒಂದು ಪಾಲು ಮಾತ್ರ ಬಳಸಬೇಕು ಅಂತ ಕಟ್ಟುನಿಟ್ಟಾಗಿ ಇಟ್ಟುಕೊಂಡರೂ 25ರವರೆಗೆ ಹೋಗಬಹುದು. ನಾವು 5ರ ಒಳಗೇ ಇದ್ದೇವೆ. ಹಾಗಾಗಿ ಗುಂಡಗಿನ ಮೈಯ ಬಗ್ಗೆ ಚಿಂತೆ ಬೇಡ.

ಚಿಂತೆ ಬೇಕಾದದ್ದು ಚಪ್ಪಟೆ ತುದಿಗಳ ಬಗ್ಗೆ. ಗುಂಡಗಿನ ಗೋಡೆಯನ್ನು ಒತ್ತಡ ಎಲ್ಲ ಕಡೆಯೂ ಒಂದೇ ಸಮ ಎಳೆಯುತ್ತದೆ. ಚಪ್ಪಟೆ ಬಿಲ್ಲೆಯನ್ನು ಹೊರಕ್ಕೆ ಉಬ್ಬಿಸುತ್ತದೆ. ಮೊದಲು ಹೇಳಿದ 59 ಕೆ.ಜಿ. ನೆನಪಿದೆಯಲ್ಲ? ಗೋಡೆಯ ದಪ್ಪ ಮತ್ತು ಮಧ್ಯದ ಕೊಳವೆಯ ಜಾಗ ಕಳೆದರೆ ನಿಜವಾಗಿ ಬೀಳುವುದು ಸುಮಾರು 40 ಕೆ.ಜಿ. ಆ ಮಧ್ಯದ ಕೊಳವೆಯೇ ಎರಡೂ ಬಿಲ್ಲೆಗಳನ್ನು ಹಿಡಿದು ಎಳೆದುಕೊಂಡಿರುತ್ತದೆ. ಒಂದೇ ಕೊಳವೆ ಎರಡು ಕೆಲಸ ಮಾಡುತ್ತದೆ: ನೀರು ಕಾಯಿಸುವುದು, ತುದಿಗಳನ್ನು ಕಟ್ಟಿಹಾಕುವುದು. ಈ ಹಳೆಯ ಉಪಾಯ ನನಗೆ ಬಹಳ ಇಷ್ಟ.

ಬೆಸುಗೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ರೇಡಿಯೋ ರಿಪೇರಿಯ ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಬಾಯ್ಲರ್ ನೀರೇ 144 ಡಿಗ್ರಿಯಲ್ಲಿರುತ್ತದೆ. ನೀರು ಕಡಿಮೆಯಾಗಿ ತಾಮ್ರ ಒಣಗಿತು ಅಂದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಳ್ಳಿ ಬೆಸುಗೆಯೇ ಬೇಕು. ನೂರಕ್ಕೆ 55 ಪಾಲು ಬೆಳ್ಳಿ ಇರುವ ಕಡ್ಡಿ ಕರಗುವುದು 630ರಿಂದ 660 ಡಿಗ್ರಿಯಲ್ಲಿ. ಎ.ಸಿ. ಮೆಕ್ಯಾನಿಕ್‌ಗಳು ತಾಮ್ರದ ಕೊಳವೆಗೆ ಬಳಸುವ ರಂಜಕದ ಕಡ್ಡಿ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಗಂಧಕದ ಹೊಗೆ ತಗುಲಿದರೆ ಆ ಬೆಸುಗೆ ಬಲ ಕಳೆದುಕೊಳ್ಳುತ್ತದೆ. ಮುಂದೆ ಎಂದಾದರೂ ಕಲ್ಲಿದ್ದಲು ಹಾಕುವ ಆಸೆ ಇದ್ದರೆ ಅದನ್ನು ಮುಟ್ಟಬೇಡಿ. ಬೆಳ್ಳಿ ಕಡ್ಡಿ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದು ಕೇಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ.

ನನಗೆ ಈ ಕೆಲಸದ ಗುಟ್ಟು ಹೇಳಿಕೊಟ್ಟವರು ಪರಿಚಯದ ಒಬ್ಬ ಅಕ್ಕಸಾಲಿಗರು. ನಾನು ಬೆಸೆಯುವ ಜಾಗಕ್ಕೆ ಮಾತ್ರ ಉರಿ ಹಿಡಿಯುತ್ತಿದ್ದೆ, ಕಡ್ಡಿ ಮುದ್ದೆಯಾಗಿ ಕೂರುತ್ತಿತ್ತು. ಅವರು ನೋಡಿ, "ಕಡ್ಡಿ ಕಾಯಿಸಬೇಡ್ರೀ, ಒಡವೆ ಕಾಯಿಸ್ರಿ. ಬೆಸುಗೆ ಬಿಸಿ ಇದ್ದ ಕಡೆ ತಾನೇ ಓಡ್ತದೆ" ಅಂದರು. ಅಷ್ಟೇ. ಬಿಳಿಗಾರ ಹಚ್ಚಿ, ಉಂಗುರದ ಒಂದು ಕಡೆ ಬೆಸುಗೆ ಇಟ್ಟು, ಇನ್ನೊಂದು ಕಡೆ ಉರಿ ತೋರಿಸಿದರು. ಬೆಸುಗೆ ಸಂದಿಯೊಳಗೆ ನುಗ್ಗಿ ಆ ಕಡೆ ಬಂತು. ನನ್ನ ಬಾಯ್ಲರ್‌ಗೆ ಮಾತ್ರ ಅವರ ಊದುಗೊಳವೆ ಸಾಲದು. ತಾಮ್ರ ಬಿಸಿಯನ್ನು ಅಷ್ಟು ಬೇಗ ಹಂಚಿಬಿಡುತ್ತದೆ. ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ ಗೂಡು ಮಾಡಿ, ದೊಡ್ಡ ಬಾಯಿಯ ಎಲ್‌ಪಿಜಿ ಟಾರ್ಚ್ ಹಿಡಿದೆ. ಇಡೀ ಬಾಯ್ಲರ್ ಮಬ್ಬು ಕೆಂಪಾದಾಗ ಬೆಸುಗೆ ನೀರಿನಂತೆ ಓಡಿತು. ಆಮೇಲೆ ಆರಿಸಿ ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಕರಿ ಎಲ್ಲ ಬಿಟ್ಟು, ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನಂತೆ ಹೊಳೆಯುತ್ತದೆ. ಆಗ ಬೆಸುಗೆಯ ತೆಳು ಗೆರೆ ಸುತ್ತಲೂ ಕಾಣಬೇಕು. ಎಲ್ಲಿಯಾದರೂ ಗೆರೆ ತುಂಡಾಗಿದ್ದರೆ ಅಲ್ಲಿ ಸಂಶಯ.

ನಲ್ಲಿ, ಸೇಫ್ಟಿ ವಾಲ್ವ್ ಕೂರುವ ಬುಷ್‌ಗಳನ್ನು ಹಿತ್ತಾಳೆಯಲ್ಲಿ ಮಾಡಬೇಡಿ. ಬಿಸಿ ನೀರಿನಲ್ಲಿ ಹಿತ್ತಾಳೆಯ ಸತು ನಿಧಾನವಾಗಿ ಕರಗಿ ಹೋಗಿ ಟೊಳ್ಳಾಗುತ್ತದೆ. ಪಂಪ್ ರಿಪೇರಿಯವರ ಹತ್ತಿರ ಗನ್ ಮೆಟಲ್ (ಮುಖ್ಯವಾಗಿ ತಾಮ್ರ-ತವರ ಬೆರೆತ ಲೋಹ) ತುಂಡು ಸಿಗುತ್ತದೆ. ಅದು ಸರಿಯಾದ ಲೋಹ.

ಪರೀಕ್ಷೆ ಮಾಡುವುದು ಉಗಿಯಿಂದಲ್ಲ, ತಣ್ಣೀರಿನಿಂದ. ಯಾಕೆ ಅಂತ ಒಂದು ಲೆಕ್ಕ ಕೊಡುತ್ತೇನೆ. 144 ಡಿಗ್ರಿಯ 150 ಮಿ.ಲೀ. ನೀರಿರುವ ಬಾಯ್ಲರ್ ಒಡೆದರೆ, ಒತ್ತಡ ಇಳಿದ ಕೂಡಲೇ ಅದರಲ್ಲಿ ನೂರಕ್ಕೆ 8 ಪಾಲು ಒಮ್ಮೆಗೇ ಉಗಿಯಾಗುತ್ತದೆ. ಅದು 12 ಗ್ರಾಂ ನೀರು. ಹೊರಗಿನ ಗಾಳಿಯಲ್ಲಿ ಅದು 20 ಲೀಟರ್ ಉಗಿ. ಅಂಗಡಿಯಿಂದ ತರುವ ಕುಡಿಯುವ ನೀರಿನ ಕ್ಯಾನ್ ತುಂಬುವಷ್ಟು ಉಗಿ, ಕಣ್ಣು ಮಿಟುಕಿಸುವಷ್ಟರಲ್ಲಿ, ಮುಖದ ಹತ್ತಿರ. ತಣ್ಣೀರು ಹಾಗಲ್ಲ. ಅದು ಒತ್ತಿದರೆ ಕುಗ್ಗುವುದಿಲ್ಲ, ಬಿಟ್ಟರೆ ಹಿಗ್ಗುವುದಿಲ್ಲ. ಬೆಸುಗೆ ಬಿಟ್ಟರೆ ಒಂದು ಹನಿ ಸೋರಿ ಒತ್ತಡ ಇಳಿಯುತ್ತದೆ, ಅಷ್ಟೇ.

ಹೊಸ ಬಾಯ್ಲರನ್ನು ಓಡಿಸುವ ಒತ್ತಡದ ಎರಡು ಪಟ್ಟಿಗೆ, ನಮ್ಮ ಲೆಕ್ಕದಲ್ಲಿ 6 ಬಾರ್‌ಗೆ ಏರಿಸಿ ನೋಡಬೇಕು. ಪ್ಲಂಬರ್‌ಗಳು ಪೈಪ್‌ಲೈನ್ ಪರೀಕ್ಷೆಗೆ ಬಳಸುವ ಕೈಪಂಪು ಸಾಕು. ಬಾಡಿಗೆಗೆ ಸಿಗುತ್ತದೆ. ಒಳಗೆ ಗಾಳಿ ಒಂದಿಷ್ಟೂ ಉಳಿಯದ ಹಾಗೆ ನೀರು ತುಂಬಿ. ನನ್ನದು 4 ಬಾರ್‌ನಲ್ಲಿ ಮುಂದಿನ ಬಿಲ್ಲೆಯ ಬುಷ್ ಪಕ್ಕ ಒಂದು ಹನಿ ಬೆವರಿತು. ಬಿಚ್ಚಿ, ತೊಳೆದು, ಮತ್ತೆ ಬಿಳಿಗಾರ ಹಚ್ಚಿ ಇಡೀ ಬಾಯ್ಲರ್ ಕೆಂಪಗೆ ಕಾಯಿಸಿ ಸರಿಮಾಡಲು ಎರಡು ಭಾನುವಾರ ಹಿಡಿಯಿತು. ಎರಡನೇ ಸಲ 6 ಬಾರ್‌ನಲ್ಲಿ ಅರ್ಧ ಗಂಟೆ ಒತ್ತಡದ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಆ ಅರ್ಧ ಗಂಟೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ನಮ್ಮ ದೇಶದ ಬಾಯ್ಲರ್ ಕಾಯ್ದೆ 25 ಲೀಟರ್‌ಗಿಂತ ಸಣ್ಣ ಬಾಯ್ಲರ್‌ಗಳಿಗೆ ಅನ್ವಯಿಸುವುದಿಲ್ಲ. ನಮ್ಮದು ಲೀಟರ್‌ನ ಐದನೇ ಒಂದು ಪಾಲು. ಬಂದು ನೋಡಿ ಸರ್ಟಿಫಿಕೇಟ್ ಕೊಡುವ ಇನ್ಸ್‌ಪೆಕ್ಟರ್ ಇಲ್ಲ. ಹಾಗಾಗಿ ನಾನೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪರೀಕ್ಷೆಯ ದಿನ, ಒತ್ತಡ, ಎಷ್ಟು ಹೊತ್ತು ನಿಂತಿತು ಎಲ್ಲ ಬರೆದಿಡುತ್ತೇನೆ. ವರ್ಷಕ್ಕೊಮ್ಮೆ ಒಂದೂವರೆ ಪಟ್ಟು ಒತ್ತಡಕ್ಕೆ ಮತ್ತೆ ನೋಡುತ್ತೇನೆ. ಸೇಫ್ಟಿ ವಾಲ್ವ್‌ಗೂ ಒಂದು ಪರೀಕ್ಷೆ ಇದೆ. ಗ್ಯಾಸ್ ಪೂರ್ತಿ ತೆರೆದು, ಉಗಿ ಎಲ್ಲೂ ಹೋಗದಂತೆ ಮುಚ್ಚಿ ಬಿಡಿ. ವಾಲ್ವ್ ಒಂದೇ ಅಷ್ಟೂ ಉಗಿಯನ್ನು ಹೊರಹಾಕಬೇಕು, ಮುಳ್ಳು 3 ದಾಟಿ ಏರುತ್ತಾ ಹೋಗಬಾರದು.

ಸಿಲಿಂಡರ್

ಸಿಲಿಂಡರ್ ಕೊರೆಸಲು ಕರೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ವರ್ಕ್‌ಶಾಪಿಗೆ ಹೋದೆ. ದಿನವೂ ಪಂಪ್ ಶಾಫ್ಟ್ ತಿರುಗಿಸುವ ಟರ್ನರ್ ನನ್ನ ಚೀಟಿ ನೋಡಿ, "12 ಎಂ.ಎಂ. ಬೋರಾ ಯಜಮಾನ್ರೇ? ಇದು ಯಾವ ಮಷೀನ್‌ದು?" ಅಂದರು. ಹೇಳಿದ ಮೇಲೆ ತಾವೇ ಆಸಕ್ತಿಯಿಂದ ಕೂತು ಮಾಡಿಕೊಟ್ಟರು. ಬೋರ್ 12 ಮಿ.ಮೀ., ಪಿಸ್ಟನ್ ಓಡುವ ದೂರ 16 ಮಿ.ಮೀ. ಗನ್ ಮೆಟಲ್‌ನ ಎರಡು ಸಿಲಿಂಡರ್.

ಕೆಲಸ ಹೀಗೆ. ಸಿಲಿಂಡರ್ ಪಕ್ಕದ ಚಪ್ಪಟೆ ಮುಖದಲ್ಲಿ ಮೂರು ಕಿಂಡಿಗಳು. ಎರಡು ಬದಿಯವು ಸಿಲಿಂಡರ್‌ನ ಎರಡು ತುದಿಗೆ ಹೋಗುತ್ತವೆ, ಮಧ್ಯದ್ದು ಹೊರಗೆ ಚಿಮಣಿಗೆ. ಇವುಗಳ ಮೇಲೆ ಬೋರಲು ಹಾಕಿದ ಡಬ್ಬಿಯಂಥ ಒಂದು ವಾಲ್ವ್ ಹಿಂದೆ ಮುಂದೆ ಜಾರುತ್ತದೆ. ಡಬ್ಬಿ ಒಂದು ಕಡೆಗೆ ಸರಿದಾಗ ಒಂದು ಬದಿಯ ಕಿಂಡಿ ತೆರೆದು ಹೊಸ ಉಗಿ ಒಳಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಬದಿಯ ಕಿಂಡಿ ಮತ್ತು ಮಧ್ಯದ ಕಿಂಡಿ ಎರಡೂ ಡಬ್ಬಿಯ ಹೊಟ್ಟೆಯೊಳಗೆ ಸೇರುತ್ತವೆ, ದುಡಿದು ಸುಸ್ತಾದ ಉಗಿ ಹೊರಗೆ ಹೋಗುತ್ತದೆ. ಪಿಸ್ಟನ್ ಆ ತುದಿ ಮುಟ್ಟುವಷ್ಟರಲ್ಲಿ ಡಬ್ಬಿ ಈ ಕಡೆ ಬಂದಿರುತ್ತದೆ. ಹಾಗಾಗಿ ಪಿಸ್ಟನ್ ಹೋಗುವಾಗಲೂ ಬರುವಾಗಲೂ ಉಗಿಯೇ ತಳ್ಳುತ್ತದೆ.

ಡಬ್ಬಿಯನ್ನು ಸರಿಸುವುದು ಆಕ್ಸಲ್ ಮೇಲೆ ನಡು ತಪ್ಪಿಸಿ ಕೂರಿಸಿದ ಒಂದು ಬಿಲ್ಲೆ. ಅದು ಕ್ರ್ಯಾಂಕ್‌ಗಿಂತ (ಪಿಸ್ಟನ್ನಿನ ತಳ್ಳಾಟದಿಂದ ಆಕ್ಸಲ್ ತಿರುಗಿಸುವ ತೋಳು) ಕಾಲು ಸುತ್ತು ಮುಂದಿದ್ದರೆ ಎಂಜಿನ್ ಮುಂದಕ್ಕೆ, ಕಾಲು ಸುತ್ತು ಹಿಂದಿದ್ದರೆ ಹಿಂದಕ್ಕೆ. ಸುಲಭದ ಉಪಾಯವೆಂದರೆ ಆ ಬಿಲ್ಲೆಯನ್ನು ಆಕ್ಸಲ್ ಮೇಲೆ ಸಡಿಲ ಬಿಟ್ಟು ಒಂದು ಮೊಳೆಗೆ ತಾಗಿ ನಿಲ್ಲುವಂತೆ ಮಾಡುವುದು. ಎಂಜಿನ್ನನ್ನು ಕೈಯಿಂದ ಮುಂದಕ್ಕೆ ತಳ್ಳಿದರೆ ಬಿಲ್ಲೆ ಮುಂದಿನ ಜಾಗಕ್ಕೆ, ಹಿಂದಕ್ಕೆ ತಳ್ಳಿದರೆ ಹಿಂದಿನ ಜಾಗಕ್ಕೆ ಬಂದು ಕೂರುತ್ತದೆ. ದೊಡ್ಡ ಎಂಜಿನ್‌ಗಳಲ್ಲಿ ಚಕ್ರದ ಪಕ್ಕ ಕುಣಿಯುವ ಕಡ್ಡಿಗಳ ಜಾಲ ಇರುತ್ತದಲ್ಲ, ಅದರ ಒಂದು ಮುಖ್ಯ ಕೆಲಸ ಉಗಿಯನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ, ಒಳಗೆ ಬಂದದ್ದನ್ನು ಹಿಗ್ಗಲು ಬಿಟ್ಟು ಉಳಿತಾಯ ಮಾಡುವುದು. ನಮ್ಮ ಪುಟ್ಟ ಸಿಲಿಂಡರ್‌ನಲ್ಲಿ ಹಿಗ್ಗುವ ಮೊದಲೇ ಉಗಿ ಗೋಡೆಗೆ ತಾಗಿ ನೀರಾಗುತ್ತದೆ. ಉಳಿತಾಯ ಕೈಗೆ ಸಿಗುವುದಿಲ್ಲ. ಲೋಟದ ಕಾಫಿಯ ಕಥೆಯೇ ಇಲ್ಲಿಯೂ. ಅದಕ್ಕೇ ಮೊದಲ ಎಂಜಿನ್‌ಗೆ ಆ ಜಾಲ ಬೇಡ ಅನ್ನುತ್ತೇನೆ.

ಎಡಗಡೆ ಮತ್ತು ಬಲಗಡೆಯ ಕ್ರ್ಯಾಂಕ್‌ಗಳ ನಡುವೆಯೂ ಕಾಲು ಸುತ್ತಿನ ಅಂತರ ಇರಬೇಕು. ಪಿಸ್ಟನ್ ಒಂದು ತುದಿಯಲ್ಲಿ ನಿಂತಾಗ ಎಷ್ಟು ತಳ್ಳಿದರೂ ಚಕ್ರ ತಿರುಗುವುದಿಲ್ಲ. ಆಗ ಇನ್ನೊಂದು ಕಡೆಯದು ನಡುದಾರಿಯಲ್ಲಿದ್ದು ಎಳೆದುಕೊಂಡು ಹೋಗಬೇಕು. ಆ ಕೋನ ಸರಿಯಾಗಿ 90 ಆಗದಿದ್ದರೂ ಎಂಜಿನ್ ಓಡುತ್ತದೆ. ಆದರೆ ಎರಡೂ ಆಕ್ಸಲ್‌ಗಳಲ್ಲಿ ಒಂದೇ ಆಗಿರಲೇಬೇಕು. ನನ್ನ ಮೊದಲ ಜೋಡಣೆಯಲ್ಲಿ ಇದು ತುಸು ತಪ್ಪಿ, ಚಕ್ರ ಪ್ರತಿ ಸುತ್ತಿನಲ್ಲಿ ಎರಡು ಕಡೆ ಹಿಡಿಯುತ್ತಿತ್ತು. ಒಂದೇ ಅಚ್ಚಿನ ಮೇಲಿಟ್ಟು ಎರಡೂ ಆಕ್ಸಲ್ ಮತ್ತೆ ಜೋಡಿಸಿದ ಮೇಲೆ ಬೆರಳಿನಿಂದ ತಳ್ಳಿದರೆ ಹಗುರಾಗಿ ತಿರುಗಿತು. ಚಾಸಿಗೆ ಒಂದೇ ಕಿವಿಮಾತು: ಎರಡು ಬದಿಯ ಪಟ್ಟಿಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲ ತೂತು ಕೊರೆಯಿರಿ, ಮುಂದಿನ-ಹಿಂದಿನ ಚಕ್ರಗಳನ್ನು ಕೂಡಿಸುವ ಕಪ್ಲಿಂಗ್ ರಾಡ್‌ಗೂ ಅದೇ ಅಂತರವನ್ನು ಅಲ್ಲಿಂದಲೇ ತೆಗೆದುಕೊಳ್ಳಿ.

ಇನ್ನು ಎಂಜಿನ್ ಎಷ್ಟು ಎಳೆಯುತ್ತದೆ? 3 ಬಾರ್‌ನಲ್ಲಿ ಈ ಸಿಲಿಂಡರ್‌ಗಳು ಲೆಕ್ಕದ ಪ್ರಕಾರ ಸುಮಾರು 1.9 ಕೆ.ಜಿ. ಬಲ ಕೊಡುತ್ತವೆ. ಆದರೆ ಎಂಜಿನ್ ತೂಗುವುದೇ 3 ಕೆ.ಜಿ. ನಯವಾದ ಕಂಬಿಯ ಮೇಲೆ ಚಕ್ರ ತನ್ನ ಮೇಲಿನ ಭಾರದ ಐದನೇ ಒಂದು ಪಾಲಿನಷ್ಟು ಎಳೆದರೆ ದೊಡ್ಡದು. 600 ಗ್ರಾಂ. ಅದಕ್ಕಿಂತ ಹೆಚ್ಚು ಬಲ ಕೊಟ್ಟರೆ ಚಕ್ರ ನಿಂತಲ್ಲೇ ಜಾರುತ್ತದೆ. ಅಂದರೆ 1 ಬಾರ್ ಸಾಕು! ಉಳಿದ ಒತ್ತಡ ಬಿಸಿ ನೀರಿನಲ್ಲಿ ಕೂಡಿಟ್ಟ ಬಂಡವಾಳ, ಏರು ಬಂದಾಗ ಬಳಸಲು. ಹೆಚ್ಚು ಎಳೆಯಬೇಕಾದರೆ ಸಿಲಿಂಡರ್ ದೊಡ್ಡದು ಮಾಡಬೇಡಿ, ಚಾಸಿಯ ಸಂದಿಯಲ್ಲಿ ಸೀಸದ ತುಂಡು ಇಡಿ.

ಒಂದು ಸುತ್ತಿಗೆ ಎರಡು ಸಿಲಿಂಡರ್ ಸೇರಿ 7 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ ಉಗಿ ಕುಡಿಯುತ್ತವೆ. ಚಕ್ರ ಒಂದು ಸುತ್ತಿಗೆ 10 ಸೆಂ.ಮೀ. ಹೋಗುತ್ತದೆ. ಒಂದು ಮೀಟರ್‌ಗೆ 72 ಮಿ.ಲೀ. ಉಗಿ, 1 ಬಾರ್‌ನಲ್ಲಿ ಅದು ಬರೀ 0.08 ಗ್ರಾಂ ನೀರು. ನಿಜದಲ್ಲಿ ಎರಡು-ಮೂರು ಪಟ್ಟು ಖರ್ಚಾಗುತ್ತದೆ. ತಣ್ಣನೆ ಗೋಡೆಗೆ ತಾಗಿ ನೀರಾಗುವ ಉಗಿ ದುಡಿಯುವುದೇ ಇಲ್ಲ. ಅದನ್ನು ಕಡಿಮೆ ಮಾಡಲು ಬಾಯ್ಲರ್ ಮೇಲೆ ಮರದ ತೆಳು ಪಟ್ಟಿ ಸುತ್ತಿ ಅದರ ಮೇಲೆ ತಗಡು ಹೊದಿಸಿದ್ದೇನೆ. ಉಗಿ ಕೊಳವೆಯನ್ನು ಒಮ್ಮೆ ಉರಿಯ ಕೊಳವೆಯೊಳಗೆ ಹಾಯಿಸಿ ಇನ್ನಷ್ಟು ಬಿಸಿ ಮಾಡಿ ಸಿಲಿಂಡರ್‌ಗೆ ಕೊಟ್ಟಿದ್ದೇನೆ. ಪಿಸ್ಟನ್‌ಗೆ ಪಂಪ್ ಅಂಗಡಿಯ ಗ್ರ್ಯಾಫೈಟ್ ಗ್ಲ್ಯಾಂಡ್ ಪ್ಯಾಕಿಂಗ್‌ನ ಒಂದು ಎಳೆ ಬಿಡಿಸಿ ಸುತ್ತಿದೆ.

ಎಣ್ಣೆ ಹಾಕುವ ಉಪಾಯ ಬಹಳ ಚೆಂದ. ಉಗಿ ಕೊಳವೆಯ ಪಕ್ಕ ಎಣ್ಣೆ ತುಂಬಿದ ಪುಟ್ಟ ಡಬ್ಬಿ, ಮಧ್ಯೆ ಸೂಜಿಮೊನೆಯ ತೂತು. ಡಬ್ಬಿಗೆ ನುಸುಳಿದ ಉಗಿ ನೀರಾಗಿ ತಳಕ್ಕೆ ಇಳಿಯುತ್ತದೆ. ಒಂದು ಹನಿ ನೀರು ಇಳಿದರೆ ಅಷ್ಟೇ ಎಣ್ಣೆ ಮೇಲಿಂದ ಉಗಿಯೊಳಗೆ ಹೋಗುತ್ತದೆ. ಇಲ್ಲಿ ಮಾತ್ರ ಉಗಿ ನೀರಾಗುವುದು ನಮಗೆ ಸಹಾಯ. ಸಾಮಾನ್ಯ ಎಂಜಿನ್ ಆಯಿಲ್ ಬೇಡ, ಉಗಿ ಅದನ್ನು ತೊಳೆದುಹಾಕುತ್ತದೆ. ದಪ್ಪನೆಯ ಸ್ಟೀಮ್ ಸಿಲಿಂಡರ್ ಆಯಿಲ್ ಬೇಕು.

ಗ್ಯಾಸ್ ಮೊದಲು, ನೀರು ಆಮೇಲೆ

ಇಂಧನ ಲೈಟರ್‌ಗೆ ತುಂಬುವ ಬ್ಯೂಟೇನ್ ಗ್ಯಾಸ್. ನಿಯಮ ಒಂದೇ: ಗ್ಯಾಸ್ ಮೊದಲು ಮುಗಿಯಬೇಕು, ನೀರು ಆಮೇಲೆ. ನೀರು ಮೊದಲು ಮುಗಿದರೆ ಒಣ ತಾಮ್ರದ ಮೇಲೆ ಉರಿ ಬೀಳುತ್ತದೆ. 150 ಮಿ.ಲೀ. ನೀರನ್ನು ಪೂರ್ತಿ ಉಗಿ ಮಾಡಲು ಸುಮಾರು 380 ಕಿಲೋಜೂಲ್ ಬೇಕು. ಒಂದು ಗ್ರಾಂ ಬ್ಯೂಟೇನ್ 45 ಕೊಡುತ್ತದೆ, ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಸಿಕ್ಕರೆ 25 ಗ್ರಾಂ ಬೇಕು. ನಾನು 20 ಗ್ರಾಂ ಮಾತ್ರ ಹಾಕುತ್ತೇನೆ.

ಚಳಿ ದೇಶದವರು ಗ್ಯಾಸ್ ತಣ್ಣಗಾಗಿ ಉರಿ ಸಣ್ಣದಾಗುತ್ತದೆ ಅಂತ ಕಷ್ಟಪಡುತ್ತಾರೆ. ನಮ್ಮ ಕಷ್ಟ ಉಲ್ಟಾ. 20 ಡಿಗ್ರಿಯಲ್ಲಿ ಬ್ಯೂಟೇನ್‌ನ ಒತ್ತಡ ಹೊರಗಿನ ಗಾಳಿಗಿಂತ 1.1 ಬಾರ್ ಜಾಸ್ತಿ. 40 ಡಿಗ್ರಿಗೆ ಅದು 2.8. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ, ಅದೂ ಬಿಸಿ ಬಾಯ್ಲರ್ ಪಕ್ಕ, ಟ್ಯಾಂಕ್ ಅದಕ್ಕಿಂತಲೂ ಕಾಯುತ್ತದೆ. ಟ್ಯಾಂಕನ್ನು ಕ್ಯಾಬಿನ ಹಿಂದಿನ ಮೂಲೆಯಲ್ಲಿಟ್ಟು, ಬಾಯ್ಲರ್ ನಡುವೆ ಗಾಳಿ ಆಡುವ ಸಂದಿ ಬಿಡಿ. ಟ್ಯಾಂಕ್ ಪೂರ್ತಿ ತುಂಬಬೇಡಿ, ಐದರಲ್ಲಿ ಒಂದು ಪಾಲು ಖಾಲಿ ಇರಲಿ. ತುಂಬುವುದು ಬಯಲಲ್ಲಿ, ಹತ್ತಿರ ಯಾವ ಬೆಂಕಿಯೂ ಇಲ್ಲದಾಗ. ಮೊದಲ ಎಂಜಿನ್‌ಗೆ ಗ್ಯಾಸ್ ಟ್ಯಾಂಕ್ ಮತ್ತು ಅದರ ವಾಲ್ವ್ ಮಾತ್ರ ಕೊಂಡು ತರುವುದೇ ಒಳ್ಳೆಯದು. ನಾನು ಹಾಗೆಯೇ ಮಾಡಿದೆ.

ನೀರಿಗೆ ಬೋರ್‌ವೆಲ್ ಮುಟ್ಟಬೇಡಿ. ನಮ್ಮ ಗಡಸು ನೀರು ಸ್ನಾನದ ಗೀಸರ್‌ನಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಇಲ್ಲಿ ಉರಿ ಮತ್ತು ನೀರಿನ ನಡುವೆ ಕೂರುತ್ತದೆ. ತಾರಸಿಯ ಮಳೆ ನೀರು ಸೋಸಿಟ್ಟುಕೊಂಡರೆ ವರ್ಷಕ್ಕೆ ಸಾಕು.

ಎರೆ ಮಣ್ಣಿನ ಮೇಲೆ ಹಳಿ

ನಮ್ಮ ಹಿತ್ತಲು ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ನೆಲದ ಮೇಲೆ ಹಾಸಿದ ಹಳಿ ಒಂದೇ ವರ್ಷದಲ್ಲಿ ಹಾವಿನಂತೆ ಸುತ್ತಿಕೊಂಡಿತು. ಆಮೇಲೆ ಮೂರು ಅಡಿ ಆಳಕ್ಕೆ ಕಲ್ಲಿನ ಕಂಬ ಹೂಳಿ, ಮೊಣಕಾಲೆತ್ತರದಲ್ಲಿ ಸಿಮೆಂಟ್ ಪಟ್ಟಿ ಹಾಕಿ ಅದರ ಮೇಲೆ ಹಳಿ ಕೂರಿಸಿದೆ. ಚಿತ್ರದುರ್ಗದ ಗಟ್ಟಿ ನೆಲದವರಿಗೆ ಇಷ್ಟು ಕಷ್ಟ ಇಲ್ಲ. ಹಿತ್ತಾಳೆ ಕಂಬಿ ಬೆಳಗಿನ ಜಾವಕ್ಕೂ ಸುಡು ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಕಂಡರೆ 10 ಮೀಟರ್‌ಗೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಅದಕ್ಕೆ ಸಂದಿ ಬಿಡಬೇಕು.

ಓಡಿಸಲು ಡಿಸೆಂಬರ್ ತಿಂಗಳ ಮುಂಜಾನೆ ಎಲ್ಲಕ್ಕಿಂತ ಚೆಂದ. ಬೇಸಿಗೆಯ ಒಣ ಗಾಳಿಯಲ್ಲಿ ಚಿಮಣಿಯ ಉಗಿ ಕಾಣುವುದೇ ಇಲ್ಲ. ಬಿಳಿಯಾಗಿ ಕಾಣುವುದು ಉಗಿ ತಣಿದು ಆದ ಸಣ್ಣ ಹನಿಗಳು. ತಂಪು ಗಾಳಿಯಲ್ಲಿ ಅವು ನಿಲ್ಲುತ್ತವೆ.

ಕಳೆದ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಬರ್ನರ್ ಹಚ್ಚಿದೆ. ಆರು ನಿಮಿಷಕ್ಕೆ ಮುಳ್ಳು 1 ತೋರಿಸಿತು. ಸ್ವಲ್ಪ ಮುಂದಕ್ಕೆ ತಳ್ಳಿ, ಸಿಲಿಂಡರ್‌ಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆದೆ. ಮೊದಲು ಸಿಲಿಂಡರ್‌ನಲ್ಲಿ ನಿಂತಿದ್ದ ನೀರನ್ನು ಚಿಮಣಿಯಿಂದ ಉಗುಳಿತು, ಕೆಮ್ಮಿತು, ಆಮೇಲೆ ಒಂದೇ ಲಯದಲ್ಲಿ ಹೊರಟಿತು. ನನ್ನ ಹಳಿಯ ಒಂದು ಸುತ್ತು 13.6 ಮೀಟರ್. 33 ಸುತ್ತು ಹಾಕಿದ ಮೇಲೆ ಉರಿ ಆರಿತು. ಬಾಯ್ಲರ್ ತಣ್ಣಗಾದ ಮೇಲೆ ಉಳಿದ ನೀರನ್ನು ಬಗ್ಗಿಸಿ ಅಳೆದೆ. 32 ಮಿ.ಲೀ. ಇತ್ತು.